ಹದಿಮೂರನೇ ಗಂಟು

ಮಂಜು ಕವಿದ ಬೆಳಗುಗಳಲ್ಲಿ ಆ ಕೆರೆಯ ದಡದಿಂದ ತಗಡು ಬಡಿಯುವ ಸದ್ದು ಕೇಳುತ್ತಿತ್ತು. ಹಳೆಯ ಎಣ್ಣೆ ಡಬ್ಬವನ್ನು ಬಿಚ್ಚಿ, ಚಪ್ಪಟೆ ಮಾಡಿ, ಹಿತ್ತಿಲ ಕಂಬಕ್ಕೆ ತೂಗುಹಾಕಿದ ತಗಡು ಅದು. ಮೂರು ಪೆಟ್ಟು, ಒಂದು ಉಸಿರಿನಷ್ಟು ಬಿಡುವು, ಮತ್ತೆ ಮೂರು ಪೆಟ್ಟು. ನೀರಿನ ಮೇಲಿದ್ದ ದೋಣಿಗಳು ಆ ಸದ್ದಿನ ಕಡೆಗೆ ಮೂತಿ ತಿರುಗಿಸಿ ಮನೆ ಸೇರುತ್ತಿದ್ದವು. ಬಡಿಯುತ್ತಿದ್ದ ಹೆಂಗಸಿಗೆ ಊರಿನವರು ಇಟ್ಟ ಹೆಸರು ದಡದಕ್ಕ.

ಹೆಸರಿಗೆ ಕಾರಣ ತಗಡಲ್ಲ. ಮೀನು ಹಿಡಿಯುವವನನ್ನು ಮದುವೆಯಾಗಿ, ಕೆರೆಗೆ ಬೆನ್ನು ಕೊಟ್ಟ ಮನೆಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದರೂ ಅವಳು ಒಮ್ಮೆಯೂ ದೋಣಿ ಹತ್ತಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಹೇಳಲು ಅವಳ ಹತ್ತಿರ ಕಥೆಯೂ ಇರಲಿಲ್ಲ. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದವಳಲ್ಲ. ಮನೆಯವರು ಯಾರೂ ನೀರುಪಾಲಾಗಿರಲಿಲ್ಲ. ನೀರು ಮೊಣಕಾಲು ದಾಟಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಅಷ್ಟೇ.

"ಅತ್ತಿಗೆ, ಕೆರೆ ಹತ್ರ ನೀವು ಒಳ್ಳೆ ಬೆಕ್ಕಿನ ಥರ ಕಾಲೆತ್ತಿ ಇಡ್ತೀರ" ಎಂದು ಪಕ್ಕದ ಬೀದಿಯ ನಾದಿನಿ ಛೇಡಿಸುತ್ತಿದ್ದಳು.

"ಬೆಕ್ಕು ಮುಳುಗಿ ಸತ್ತಿದ್ದನ್ನ ನೀನೆಲ್ಲಾದ್ರೂ ನೋಡಿದೀಯಾ?" ಎಂದು ಇವಳು ಕೇಳುತ್ತಿದ್ದಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅವಳ ಕೆಲಸ ಮನೆಯ ಮುಂದಿನ ಕೋಣೆಯಲ್ಲಿ. ಕಿಟಕಿಗೆ ಒತ್ತಿದ ಮೇಜು, ಮಾತ್ರೆಯ ಖಾಲಿ ಶೀಸೆಗಳಲ್ಲಿ ಅಳತೆ ಪ್ರಕಾರ ಬೇರ್ಪಡಿಸಿಟ್ಟ ಕೊಕ್ಕೆಗಳು, ಮೊಳೆಗೆ ನೇತುಹಾಕಿದ ದಾರದ ಉಂಡೆಗಳು. ಗಾಳ ಕಟ್ಟಿ ಪೇಟೆಯ ಮೂರು ಅಂಗಡಿಗಳಿಗೆ ಕೊಡುತ್ತಿದ್ದಳು. ದಾರದ ತುದಿಯನ್ನು ಎಡಗೈಯಲ್ಲಿ ಹಿಡಿದು, ಎರಡೂ ತೋಳುಗಳನ್ನು ಅಗಲಿಸಿ ಒಂದು ಮಾರು ಅಳೆದು, ಅಲ್ಲಿಗೊಂದು ಕೆಂಪು ನೂಲಿನ ಗಂಟು ಹಾಕುವಳು. ಮತ್ತೊಂದು ಮಾರು, ಮತ್ತೊಂದು ಗಂಟು. ನೀರಿನಲ್ಲಿ ದಾರ ಎಷ್ಟು ಇಳಿಯಿತು ಎನ್ನುವುದಕ್ಕೆ ಆ ಗಂಟುಗಳೇ ಲೆಕ್ಕ. ಕಣ್ಣು ಮುಚ್ಚಿ ಮುಟ್ಟಿದರೂ ದಾರ ಎಷ್ಟು ದಪ್ಪ, ಎಲ್ಲಿ ಸವೆದಿದೆ ಎಂದು ಅವಳ ಬೆರಳಿಗೆ ತಿಳಿಯುತ್ತಿತ್ತು.

ಅವಳ ಗಂಡನ ಬೆರಳುಗಳಿಗೆ ಆ ವರ್ಷ ಏನೂ ತಿಳಿಯದಂತಾಯಿತು. ಅವನು ಎತ್ತರದ ಆಳು. ಕೈಕಾಲು ಎಷ್ಟು ಉದ್ದವೆಂದರೆ ಊರೆಲ್ಲ ಅವನನ್ನು ಕೊಕ್ಕರೆ ಎಂದೇ ಕರೆಯುತ್ತಿತ್ತು. ಬೇಸಿಗೆಯಲ್ಲಿ ಒಂದು ದಿನ ಬಿಸಿ ಚಹಾದ ಲೋಟವನ್ನು ಹಿಡಿದೇ ಕೂತಿದ್ದ. ಬೊಬ್ಬೆ ಎದ್ದ ಮೇಲೆ ನೋಡಿಕೊಂಡ. ಸಕ್ಕರೆ ಕಾಯಿಲೆ ನರಗಳಿಗೆ ಇಳಿದಿದೆ ಎಂದರು ಡಾಕ್ಟರು.

ಮಳೆಗಾಲ ಹೇಗೋ ನಡೆಯಿತು. ಆಗ ಮೀನು ಹಸಿದಿರುತ್ತದೆ, ಹುಳುವನ್ನು ನುಂಗಿ ಓಡುತ್ತದೆ, ನೀರಿನ ಮೇಲಿನ ಬೆಂಡು ಮುಳುಗುವುದು ಕಣ್ಣಿಗೇ ಕಾಣುತ್ತದೆ. ಚಳಿಯ ಶುರು ಹಾಗಲ್ಲ. ಮೊದಲ ಥಂಡಿಗೆ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತದೆ, ತಳದ ನೀರು ಮೇಲೆ ಬರುತ್ತದೆ. ಕೆರೆ ಮಗ್ಗುಲು ಬದಲಾಯಿಸಿತು ಎನ್ನುತ್ತಾರೆ ದೋಣಿಯವರು. ಒಂದು ವಾರ ನೀರು ಕೆಸರಿನ ವಾಸನೆ ಹೊಡೆಯುತ್ತದೆ, ಮೀನು ಅಮಲೇರಿದಂತೆ ದಿಕ್ಕುತಪ್ಪಿ ಅಲೆಯುತ್ತದೆ, ಯಾರೂ ಗಾಳ ಹಾಕುವುದಿಲ್ಲ. ಆಮೇಲೆ ನೀರು ತಿಳಿಯಾಗಿ, ಗೆಂಡೆ ಮೀನುಗಳೆಲ್ಲ ಗುಂಡಿ ಎಂದು ಕರೆಯುವ, ಕೆಸರು ತಳದ ಆಳದ ಜಾಗಕ್ಕೆ ಇಳಿದು, ತಳದ ಮೇಲೆ ಅಲುಗದೆ ನಿಲ್ಲುತ್ತವೆ. ಮೂಗಿನ ಮುಂದೆ ಹುಳು ಇದ್ದರೂ ನುಂಗುವುದಿಲ್ಲ. ತುಟಿಯಲ್ಲಿ ಒಮ್ಮೆ ಹೀರಿ ಬಿಡುತ್ತವೆ. ಆ ಹೀರುವುದು ಅರವತ್ತು ಅಡಿ ದಾರ ಹತ್ತಿ ಮೇಲೆ ಬರುವ ಹೊತ್ತಿಗೆ ಯಾರೋ ಬೆರಳಿನ ಮೇಲೆ ಉಸಿರು ಬಿಟ್ಟಷ್ಟೇ ಆಗಿರುತ್ತದೆ.

ಒಂಬತ್ತು ದಿನ ಕೊಕ್ಕರೆ ಬರಿಗೈಯಲ್ಲಿ ಮನೆಗೆ ಬಂದ. ಎಳೆದ ಕೊಕ್ಕೆಯಲ್ಲೆಲ್ಲ ಹುಳು ಹೀರಿದ ಗುರುತು. ಒಂಬತ್ತನೇ ರಾತ್ರಿ ಊಟಕ್ಕೆ ಕೂತಾಗ, "ನಿನ್ನ ಬೆರಳು ಬೇಕು" ಎಂದ.

"ಕತ್ತರಿಸಿ ಕೊಡ್ಲಾ?"

"ಕೈ ಸಮೇತ ಬೇಕು. ದೋಣೀಲಿ ಕೂತ್ಕೋಬೇಕು ನೀನು."

ಅವಳು ತಟ್ಟೆ ತೆಗೆದುಕೊಂಡು ಎದ್ದು ಹೋದಳು. ಮೂರನೇ ದಿನ ಮಧ್ಯಾಹ್ನ ಕೋಣೆಗೆ ಬಂದಾಗ ಅವನು ಅವಳ ಮೇಜಿನ ಮುಂದೆ ಕೂತು, ಚೂಪಾದ ಕೊಕ್ಕೆಯೊಂದನ್ನು ತನ್ನ ತೋರುಬೆರಳಿನ ತುದಿಗೆ ಒತ್ತಿ ನೋಡುತ್ತಿದ್ದ. ರಕ್ತ ಮೂಡಿತ್ತು. ಮುಖದಲ್ಲಿ ನೋವಿನ ಗೆರೆಯೇ ಇರಲಿಲ್ಲ.

"ನಾಳೆ ಬಿಸಿಲು ಬಂದ ಮೇಲೆ ಹೋಗೋಣ" ಎಂದಳು.

ಹೆದರಿಕೆಯ ಹಿಂದೆ ಕಥೆ ಇಲ್ಲದಿದ್ದರೂ ಕೆರೆಯಲ್ಲಿ ಹೆದರಬೇಕಾದ್ದು ಒಂದಿತ್ತು. ಮನೆಗಳ ದಡಕ್ಕೆ ಎದುರಾಗಿ, ಆಳ ಹೆಚ್ಚುವ ಕಡೆ, ಕಲ್ಲಿನ ಒಡ್ಡು ಇತ್ತು. ಅದರ ನಡುವೆ ಹೆಚ್ಚಾದ ನೀರು ಹೊರಬೀಳುವ ಕೋಡಿ. ಆ ವರ್ಷ ಮಳೆ ತಡವಾಗಿ ಸುರಿದು ಕೆರೆ ತುಂಬಿತ್ತು. ಕೋಡಿಯ ಮೇಲೆ ಮೊಣಕಾಲುದ್ದ ನೀರು ಹರಿದು, ಆಚೆ ಮೂರಾಳು ಕೆಳಗಿನ ಬಂಡೆಗಳ ಮೇಲೆ ಬೀಳುತ್ತಿತ್ತು. ಎರಡು ವರ್ಷದ ಹಿಂದೆ ಹಗ್ಗ ಕಳಚಿದ ಖಾಲಿ ದೋಣಿಯೊಂದು ಆ ಕಡೆ ಹೋಗಿತ್ತು. ಸಿಕ್ಕಿದ್ದು ಹಲಗೆ ಚೂರುಗಳು ಮಾತ್ರ. ಅವನ್ನು ಒಲೆಗೆ ಹಾಕಿದವಳು ಅವಳ ನಾದಿನಿಯೇ.

ಬೆಳಗ್ಗೆ ಎಂಟಕ್ಕೆ ಹೊರಟರು. ಆಕಾಶ ತೊಳೆದಿಟ್ಟಂತಿತ್ತು. ದಡದಕ್ಕ ಎರಡು ಖಾಲಿ ಪ್ಲಾಸ್ಟಿಕ್ ಕ್ಯಾನುಗಳ ಮುಚ್ಚಳ ಬಿಗಿದು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಹಸಿರು ದೋಣಿಯ ಅಣ್ಣತಮ್ಮಂದಿರು ಆಗಲೇ ನೀರಿಗಿಳಿದಿದ್ದರು.

"ದಡದಕ್ಕ, ಸೀಮೆಎಣ್ಣೆ ತರೋಕೆ ಹೊರಟ್ರಾ?" ಎಂದ ತಮ್ಮ.

"ನೀನು ಮುಳುಗಿದ್ರೆ ಬೇಕಾಗುತ್ತೆ ಅಂತ ಇಟ್ಕೊಂಡೆ" ಎಂದಳು. ನಗು ಬಂದದ್ದು ಅವರಿಗೆ. ಅವಳ ಎರಡೂ ಕೈ ದೋಣಿಯ ಅಂಚನ್ನು ಕಚ್ಚಿ ಹಿಡಿದಿದ್ದವು.

ಅಂಗೈಗೆ ಹುಟ್ಟು ಸಿಕ್ಕರೆ ಸಾಕು, ಗಂಡನ ತೋಳಿನ ಬಲಕ್ಕೇನೂ ಕೊರತೆ ಇರಲಿಲ್ಲ. ಅರ್ಧ ಗಂಟೆಯಲ್ಲಿ ಗುಂಡಿಯ ಮೇಲೆ ಬಂದರು. ಅವನು ಲಂಗರಿನ ಕಲ್ಲನ್ನು ಮೆಲ್ಲಗೆ ನೀರಿಗೆ ಬಿಟ್ಟ. ಹೊಸ ಹಗ್ಗ ಸರಸರನೆ ಇಳಿದು, ತುದಿ ಕಟ್ಟಿದ ಗೂಟದ ಹತ್ತಿರ ಬಿಗಿಯಿತು.

"ಆಯ್ತು, ಕೂತಿದೆ" ಎಂದ.

ಅವಳು ಗಾಳ ಇಳಿಸಿದಳು. ದಾರದ ತುದಿಯಲ್ಲಿ ಸೀಸದ ಗುಂಡು, ಅದಕ್ಕಿಂತ ಗೇಣು ಮೇಲೆ ಬದಿಗೆ ಕಟ್ಟಿದ ಚಿಕ್ಕ ಎಳೆ, ಎಳೆಯ ತುದಿಗೆ ಸಣ್ಣ ಕೊಕ್ಕೆ, ಕೊಕ್ಕೆಗೆ ಅರ್ಧ ಎರೆಹುಳು. ಕೆಂಪು ಗಂಟುಗಳು ಒಂದೊಂದಾಗಿ ಬೆರಳು ದಾಟಿದವು. ಹದಿಮೂರನೆಯದು ಬೆರಳಿಗೆ ಬರುವಾಗ ಗುಂಡು ಕೆಸರಿಗೆ ಕೂತು ದಾರ ಸಡಿಲವಾಯಿತು.

"ಹದಿಮೂರು" ಎಂದಳು.

"ಸರಿಯಾಗಿದೆ. ಇಲ್ಲಿ ಯಾವಾಗ್ಲೂ ಹದಿಮೂರು. ಈಗ ದಾರ ಬೆರಳ ಮೇಲಿಟ್ಕೊ. ಆಗಾಗ ಗುಂಡನ್ನ ಒಂದು ಗೇಣು ಎತ್ತಿ, ಮೆಲ್ಲಗೆ ಇಳಿಸು. ಅವಸರ ಮಾಡಿದ್ರೆ ಈ ಚಳೀಲಿ ಮೀನು ತಿರುಗೂ ನೋಡಲ್ಲ."

ಎತ್ತಿದಾಗ ಕೆಸರು ಗುಂಡನ್ನು ಚಪ್ಪರಿಸಿ ಬಿಡುವುದು ಬೆರಳಿಗೆ ತಿಳಿಯಿತು. ಇಳಿಸಿದಾಗ ಮೆತ್ತನೆ ಹಾಸಿಗೆ. ಮುಕ್ಕಾಲು ಗಂಟೆಯ ಮೇಲೆ ಆ ಉಸಿರು ಬಂತು. ಅವಳು ಮಣಿಕಟ್ಟು ತಿರುಗಿಸಿದಳು. ಎರಡು ಕೈಯಗಲದ ಗೆಂಡೆಯೊಂದು ಮೇಲೆ ಬಂತು. ಗಂಡ ಬಾಯಿ ತೆರೆದು ನೋಡಿದ.

"ಮೂವತ್ತು ವರ್ಷ ನಿನ್ನನ್ನ ಮನೇಲಿ ಕೂರಿಸಿದ್ದೆನಲ್ಲೇ" ಎಂದ.

"ಇನ್ನೂ ಮೂವತ್ತು ವರ್ಷ ಅಲ್ಲೇ ಕೂರಿಸಿ, ಬೇಜಾರಿಲ್ಲ" ಎಂದಳು.

ಅವಳು ತಲೆಯೆತ್ತಿದಾಗ ದಡ ಇರಲಿಲ್ಲ.

ನೀರಿನ ಮೇಲೆ ಮೊದಲು ಎಳೆಎಳೆಯಾಗಿ ಹೊಗೆಯಾಡುತ್ತಿದ್ದುದನ್ನು ಅವಳು ನೋಡಿಯೂ ನೋಡಿರಲಿಲ್ಲ. ಈಗ ಹಸಿರು ದೋಣಿ ಮಾಯವಾಗಿತ್ತು, ಸೂರ್ಯ ಬೆಳ್ಳಗಿನ ಕಲೆಯಾಗಿ, ಆಮೇಲೆ ಆ ಕಲೆಯೂ ಅಳಿಸಿಹೋಗಿತ್ತು. ದೋಣಿಯ ಇನ್ನೊಂದು ತುದಿಯಲ್ಲಿ ಕೂತ ಗಂಡನ ಮುಖ ಬಟ್ಟೆಯ ಹಿಂದಿನಿಂದ ಕಂಡಂತಿತ್ತು.

"ಏನಾಗಲ್ಲ" ಎಂದ ಅವನು. "ಲಂಗರು ಹಾಕಿದೀವಿ. ಇದ್ದಲ್ಲೇ ಇದ್ರೆ ಆಯ್ತು. ತಗಡಿನ ಸದ್ದು ಕೇಳಿದ್ರೆ..." ಎಂದವನು ಅಲ್ಲಿಗೆ ನಿಲ್ಲಿಸಿದ.

ತಗಡು ಬಡಿಯುವವಳು ಅವನೆದುರು ಕೂತಿದ್ದಳು. ನಾದಿನಿ ಹೊಲಿಗೆ ಕಾರ್ಖಾನೆಗೆ ಹೋಗಿದ್ದಳು, ಸಂಜೆಯವರೆಗೂ ಬರುವುದಿಲ್ಲ. ಅಷ್ಟು ವರ್ಷಗಳಲ್ಲಿ ಬೇರೆ ಯಾರಾದರೂ ಬಡಿಯಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಅವಳು ಬೆರಳಿನ ಮೇಲಿನ ದಾರವನ್ನೇ ನೋಡುತ್ತ ಕೂತಳು. ಅಲ್ಲಿ ನೋಡಿದರೆ ನೀರು ಕಾಣುವುದಿಲ್ಲ. ಗೇಣು ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. ಈ ಸಲ ಕೆಸರು ಚಪ್ಪರಿಸಲಿಲ್ಲ. ಇಳಿಸಿದಾಗ ಗುಂಡು ಮೆತ್ತಗೆ ಕೂರದೆ ಟಕ್ಕೆಂದಿತು. ಆಮೇಲೆ ಅವಳು ಎತ್ತದಿದ್ದರೂ ತನ್ನಷ್ಟಕ್ಕೇ ಟಕ್, ಟಕ್ ಎನ್ನತೊಡಗಿತು.

"ರೀ, ಗುಂಡೀಲಿ ಜಲ್ಲಿಕಲ್ಲು ಇದೆಯಾ?"

"ಗುಂಡೀಲಿ ಬರೀ ಕೆಸರು. ಜಲ್ಲಿ ಇರೋದು ಅದನ್ನ ದಾಟಿದ ಮೇಲೆ, ಒಡ್ಡಿನ ಕಡೆ."

ದಾರ ಬಿಗಿಯಾಯಿತು. ತಳ ಮುಟ್ಟಿಸಲು ಅವಳು ಇನ್ನೊಂದು ಗಂಟು ಬಿಡಬೇಕಾಯಿತು. ಹದಿನಾಲ್ಕು. ಸ್ವಲ್ಪ ಹೊತ್ತಿಗೆ ಹದಿನಾಲ್ಕೂ ಸಾಲಲಿಲ್ಲ.

ಲಂಗರಿನ ಹಗ್ಗ ಕತ್ತರಿಸಿದ್ದು ಅವಳು. ಪ್ರತಿ ವರ್ಷ ಅವನೇ ಅಳೆಯುತ್ತಿದ್ದ. ಈ ವರ್ಷ, ಮೊನ್ನೆ ಅವನು ಆಸ್ಪತ್ರೆಗೆ ಹೋದ ದಿನ, ಹನ್ನೆರಡು ಮಾರು ಕತ್ತರಿಸಿಡು ಎಂದು ಹೇಳಿ ಹೋಗಿದ್ದ. ಅಂಗಳದಲ್ಲಿ ನಿಂತು, ದಾರ ಅಳೆಯುವಂತೆಯೇ ತೋಳು ಅಗಲಿಸಿ ಹನ್ನೆರಡು ಎಣಿಸಿದ್ದಳು. ಅದೇ ತೋಳಿನಲ್ಲಿ ಅಳೆದ ದಾರ ಗುಂಡಿಯ ತಳ ಮುಟ್ಟಿದ್ದು ಹದಿಮೂರಕ್ಕೆ.

"ರೀ" ಎಂದಳು. "ಹಗ್ಗ ಹನ್ನೆರಡು ಮಾರು."

"ಹೂಂ. ಯಾವಾಗ್ಲೂ ಹನ್ನೆರಡೇ."

"ಯಾವಾಗ್ಲೂ ನಿಮ್ಮ ಮಾರು. ಈ ಸಲದ್ದು ನನ್ನದು."

ಅವನು ತನ್ನ ಉದ್ದನೆಯ ತೋಳುಗಳನ್ನು ನೋಡಿಕೊಂಡ. ಆಮೇಲೆ ಅವಳ ತೋಳುಗಳನ್ನು ನೋಡಿದ. ಹಗ್ಗವನ್ನು ಮುಟ್ಟಿ ಅಲುಗಿಸಿದ. ಕೆಳಗೆ ಕಲ್ಲು ಗಂಟೆಯ ನಾಲಗೆಯಂತೆ ತೂಗಾಡುವುದು ದೋಣಿಯ ಅಂಚಿನಲ್ಲಿ ಅವಳಿಗೆ ತಿಳಿಯಿತು. ಅವನ ಬೆರಳಿಗೆ ತಿಳಿಯಲಿಲ್ಲ. ಬೆಳಗ್ಗೆ ಹಗ್ಗ ಬಿಗಿದದ್ದು ಕಲ್ಲಿನ ಭಾರಕ್ಕೆ ಎಂಬುದೂ ತಿಳಿದಿರಲಿಲ್ಲ. ದಾರದ್ದು ಒಂದು ಲೆಕ್ಕ, ಹಗ್ಗದ್ದು ಇನ್ನೊಂದು ಲೆಕ್ಕ ಎಂದು ಮೂವತ್ತು ವರ್ಷ ಎರಡನ್ನೂ ಒಂದೇ ಮನೆಯಲ್ಲಿ ಅಳೆದಿದ್ದರು. ಯಾಕೆ ಹೀಗೆ ಎಂದು ಒಬ್ಬರೂ ಕೇಳಿರಲಿಲ್ಲ.

ಮಾತು ನಿಂತಾಗ ಸದ್ದು ಕೇಳಿಸಿತು. ದೂರದಲ್ಲಿ ಎಲ್ಲೋ ಅಕ್ಕಿ ಸುರಿದಂತೆ, ನಿಲ್ಲದ ಸದ್ದು. ಕೋಡಿ. ಮಂಜಿನಲ್ಲಿ ಅದು ಎಡಗಡೆಯಿಂದಲೂ ಬರುತ್ತಿತ್ತು, ಬಲಗಡೆಯಿಂದಲೂ ಬರುತ್ತಿತ್ತು.

ಹಗ್ಗಕ್ಕೆ ಕಟ್ಟಿ ಉದ್ದ ಮಾಡಲು ಬೇರೆ ಹಗ್ಗ ಇರಲಿಲ್ಲ. ಅವನ ಬೆರಳಿಗೆ ಹಿಡಿತವಿಲ್ಲದ್ದರಿಂದ ಅವಳೇ ಕಲ್ಲನ್ನು ಮೇಲೆಳೆದಳು. ಒಂದು ಕೈ ಬಿಟ್ಟರೆ ತಾನೂ ಹೋಗುತ್ತೇನೆ ಎನ್ನಿಸಿ ಹಗ್ಗವನ್ನು ಹಲ್ಲಿನಲ್ಲೂ ಕಚ್ಚಿದಳು. ಅಷ್ಟರಲ್ಲಿ ಸದ್ದು ಅಕ್ಕಿ ಸುರಿದಂತಿರಲಿಲ್ಲ, ಗಾಡಿಯಿಂದ ಕಲ್ಲು ಸುರಿದಂತಿತ್ತು.

ಗಂಡ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತು ಹುಟ್ಟು ಹಾಕತೊಡಗಿದ. ಹತ್ತಿಪ್ಪತ್ತು ಸಲ ಎಳೆದಿರಬಹುದು. ಅವಳು ಗಾಳ ಇಳಿಸಿ ಎಣಿಸಿದಳು.

"ಹದಿನಾರು" ಎಂದಳು. "ನಿಲ್ಲಿಸಿ. ಆಳ ಜಾಸ್ತಿಯಾಗ್ತಿದೆ. ಇದು ಒಡ್ಡಿನ ಕಡೆ."

"ಈ ಕೆರೆ ನನಗೆ ಗೊತ್ತಿಲ್ವಾ? ಸದ್ದು ನಾವು ಬಿಟ್ಟು ಬಂದ ಕಡೆ ಇದೆ, ಕೇಳು."

"ಸದ್ದು ಎಲ್ಲಾ ಕಡೆ ಇದೆ. ನಿಮ್ಮ ಬೆನ್ನ ಹಿಂದೆ ನೋಡಿ."

ಅವನು ಕತ್ತು ತಿರುಗಿಸಿದ. ಬಿಳುಪಿನೊಳಗಿಂದ ಕೆಂಪು ತಲೆಯ ಕಂಬವೊಂದು ಮೂಡಿತ್ತು. ಕೋಡಿಯ ಪಕ್ಕದಲ್ಲಿ, ಇಲ್ಲಿಂದ ಮುಂದೆ ಬರಬೇಡಿ ಎಂದು ನೆಟ್ಟ ಕಂಬ. ಅವರ ಮನೆಯಿಂದ ಎದುರು ಮನೆ ಎಷ್ಟು ದೂರವೋ ಅಷ್ಟೇ ದೂರ. ಅದರಾಚೆ ನೀರಿಗೆ ಅಲೆಯೇ ಇರಲಿಲ್ಲ. ಎಣ್ಣೆ ಹಚ್ಚಿದಂತೆ ನುಣ್ಣಗೆ, ಬಾಗಿ, ಕಾಣದ ಕಡೆಗೆ ಇಳಿಯುತ್ತಿತ್ತು.

ಅವನು ಒಂದು ಹುಟ್ಟನ್ನು ನೀರಿಗೆ ಊರಿ, ಇನ್ನೊಂದನ್ನು ಮೈಯೆಲ್ಲ ಹಿಂದಕ್ಕೆ ಬಿಟ್ಟು ಎಳೆದ. ದೋಣಿ ಅರೆಮನಸ್ಸಿನಿಂದ ತಿರುಗಿತು. ಈಗ ಕಂಬ ಅವನ ಎದುರಿಗೆ, ಅವಳ ಬೆನ್ನಿಗೆ. ಅವಳು ತಿರುಗಿ ನೋಡಲಿಲ್ಲ. ಅವನ ಕಣ್ಣು ನೋಡುತ್ತಿದ್ದಳು. ಎಷ್ಟೋ ಹೊತ್ತು ಆ ಕಣ್ಣು ಒಂದೇ ಕಡೆ ನೆಟ್ಟಿತ್ತು. ಎಳೆಯುತ್ತಿದ್ದ, ಎಳೆಯುತ್ತಿದ್ದ, ಕಂಬ ದೂರವಾಗುತ್ತಿಲ್ಲ ಎಂದು ಅವಳಿಗೆ ಅವನ ಮುಖದಲ್ಲೇ ಗೊತ್ತಾಗುತ್ತಿತ್ತು. ಉಚ್ಚೆ ಬೆಚ್ಚಗೆ ತೊಡೆಗಿಳಿದದ್ದು ಅವಳಿಗೆ ತಡವಾಗಿ ತಿಳಿಯಿತು.

ಕೊನೆಗೆ ಅವನ ಕಣ್ಣು ಸಡಿಲಾಯಿತು. "ಕಾಣ್ತಿಲ್ಲ" ಎಂದ. ಕಂಬ ಮಂಜಿನೊಳಕ್ಕೆ ಹೋಗಿತ್ತು. ಅದರ ಜೊತೆಗೆ ದಿಕ್ಕೂ ಹೋಯಿತು. "ಹೇಳು, ಯಾವ ಕಡೆ?"

"ಎಳೀತಾ ಇರಿ. ಹೇಳ್ತೀನಿ."

ಗುಂಡು ತಳಕ್ಕೆ ತಾಗಿ ಟಕ್ಕೆಂದಿತು. ಹದಿನೈದು. ಎತ್ತಿ, ಮತ್ತೆ ಬಿಟ್ಟಳು. ಹದಿನೈದು. ಮತ್ತೆ, ಹದಿನಾಲ್ಕು. ಆಳ ಕಡಿಮೆಯಾದರೆ ಸರಿದಾರಿ, ಹೆಚ್ಚಿದರೆ ತಪ್ಪುದಾರಿ. ಇಷ್ಟೇ ಲೆಕ್ಕ. ಒಮ್ಮೆ ಹದಿನಾಲ್ಕರಿಂದ ಹದಿನೈದಕ್ಕೆ ಹೋದಾಗ "ಬಲಕ್ಕೆ" ಎಂದಳು, ಅವನು ಕೂಡಲೇ ತಿರುಗಿಸಿದ. ಟಕ್ಕೆನ್ನುವುದು ನಿಂತು ಕೆಸರು ಬಂತು. ಗುಂಡನ್ನು ಚಪ್ಪರಿಸಿತು. ಹದಿಮೂರು.

ಆಗಲೇ ಬೆರಳಿನ ಮೇಲೆ ಉಸಿರು ಬಿದ್ದದ್ದು. ಮೊದಲ ಮೀನು ಬಿಡಿಸಿದ ಮೇಲೆ ಚುಚ್ಚಿದ್ದ ಅರ್ಧ ಹುಳು ಇನ್ನೂ ಕೊಕ್ಕೆಯಲ್ಲೇ ಇತ್ತು. ಅವಳ ಕೈ ಅಭ್ಯಾಸವಾದಂತೆ ತಾನಾಗಿ ತಿರುಗಿತು, ದಾರ ಭಾರವಾಗಿ ಪಕ್ಕಕ್ಕೆ ಓಡಿತು. ದೊಡ್ಡ ಮೀನು. ಬೆಳಗಿನದ್ದು ಅದರ ಮರಿಯಿರಬೇಕು.

"ಗೆಂಡೆನಾ?" ಎಂದ ಗಂಡ. ಅಂಥ ಹೊತ್ತಿನಲ್ಲೂ ಅವನ ಹುಟ್ಟು ಒಂದು ಕ್ಷಣ ನಿಂತಿತು.

"ಎಳೀರಿ ನೀವು" ಎಂದಳು. ಮೀನು ಎಳೆದಾಡುವಷ್ಟು ಹೊತ್ತು ತಳ ಸಿಗುವುದಿಲ್ಲ, ತಳ ಸಿಗದಿದ್ದರೆ ದಾರಿಯಿಲ್ಲ. ಕೈ ಮೇಲೆ ಕೈ ಹಾಕಿ ದಾರ ಸೇದಿದಳು. ಮೀನಿನ ಅಗಲವಾದ ಬೆನ್ನು ದೋಣಿಯ ಪಕ್ಕ ಕಂಡಾಗ ಚಾಕುವಿನಿಂದ ಬದಿಯ ಎಳೆಯನ್ನು ಕತ್ತರಿಸಿದಳು. ಅವಳೇ ಕಟ್ಟಿದ ಕೊಕ್ಕೆಯನ್ನು ಬಾಯಲ್ಲಿಟ್ಟುಕೊಂಡು ಮೀನು ಕೆಳಗೆ ಹೋಯಿತು. ಸೀಸದ ಗುಂಡು ಅವಳಿಗೆ ಉಳಿಯಿತು.

ಹನ್ನೊಂದು. ಒಂಬತ್ತು. ಏಳರಲ್ಲಿ ಗುಂಡಿನ ಜೊತೆ ನೀರಿನ ಗಿಡದ ಎಸಳು ಬಂತು. ಕೋಡಿಯ ಸದ್ದು ಮತ್ತೆ ಅಕ್ಕಿಯಾಗಿ, ಆಮೇಲೆ ಕಿವಿಯೊಳಗಿನ ಗುಂಯ್‌ಗುಡುವಿಕೆಯಾಯಿತು. ಮೂರು. ಕೊನೆಗೆ ಒಂದು ಗಂಟೂ ಇಳಿಯದ ಕಡೆ ಜೊಂಡು ದೋಣಿಯ ಹೊಟ್ಟೆಯನ್ನು ಸವರಿತು. ಅವಳು ಸೊಂಟದ ಕ್ಯಾನುಗಳ ಸಮೇತ ನೀರಿಗಿಳಿದಳು. ನೀರು ತೊಡೆಯವರೆಗಿತ್ತು. ಮೂವತ್ತು ವರ್ಷದಲ್ಲಿ ಅಷ್ಟು ಆಳಕ್ಕೆ ಇಳಿದದ್ದು ಅದೇ ಮೊದಲು. ಅದು ಅವಳ ಗಮನಕ್ಕೆ ಬರಲಿಲ್ಲ.

ಮನೆಯಿಂದ ಎರಡು ಬೀದಿ ಆಚೆ ದಡ ಮುಟ್ಟಿದ್ದರು. ಗಂಡ ಕೆಸರಿನ ಮೇಲೆ ಕೂತು ಮಂಡಿಗೆ ಹಣೆ ಹಚ್ಚಿದ. ಅವಳೂ ಕೂತಳು. ಆಗ ಅವಳಿಗೆ ನೆನಪಾಯಿತು.

"ಹಸಿರು ದೋಣಿ" ಎಂದಳು.

ಬೀದಿಯ ಮನೆಗಳ ಗೋಡೆ ಹಿಡಿದುಕೊಂಡು, ಆಮೇಲೆ ಹಿಡಿಯದೆ, ಕೊನೆಗೆ ಓಡುತ್ತ ಅವಳು ಹಿತ್ತಿಲು ಸೇರಿದಳು. ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು, ಕ್ಯಾನುಗಳು ಸೊಂಟಕ್ಕೆ ಬಡಿಯುತ್ತಿದ್ದವು. ಕಟ್ಟಿಗೆಯ ತುಂಡು ತೆಗೆದುಕೊಂಡು ತಗಡಿಗೆ ಹೊಡೆದಳು. ಮೂರು ಪೆಟ್ಟು, ಬಿಡುವು, ಮೂರು ಪೆಟ್ಟು. ಈಗ ಆ ಬಿಡುವು ಅವಳಿಗೆ ತಾಳಲಾರದಷ್ಟು ಉದ್ದವಾಗಿತ್ತು. ಆ ಬಿಡುವಿನಲ್ಲಿ ನೀರಿನ ಮೇಲೆ ಕೂತವರಿಗೆ ಏನು ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು. ಬಿಡುವೇ ಇಲ್ಲದೆ ಬಡಿದಳು.

ಇಪ್ಪತ್ತು ನಿಮಿಷವಾಯಿತೋ ಏನೋ, ಮಂಜಿನೊಳಗಿಂದ ಹಸಿರು ಮೂತಿ ಹೊರಬಂತು. ಅಣ್ಣ ಹುಟ್ಟು ಹಾಕುತ್ತಿದ್ದ. ತಮ್ಮ ದೋಣಿಯ ತಲೆಯಲ್ಲಿ ನಿಂತಿದ್ದ, ತುಟಿ ಬಿಳಿಚಿತ್ತು. ದಡಕ್ಕೆ ಹಾರಿದ ಮೇಲೆ ಅವನಿಗೆ ಎಂದಿನ ದನಿ ಬಂತು.

"ಏನ್ ದಡದಕ್ಕ, ಇವತ್ತು ತಗಡು ಇಷ್ಟು ಲೇಟು? ನಿದ್ದೆ ಬಂದುಬಿಟ್ಟಿತ್ತಾ?"

ಬಡಿಯುತ್ತಲೇ ಇದ್ದಳು.

"ಅಕ್ಕ, ಬಂದ್ವಲ್ಲ" ಎಂದ ಅಣ್ಣ. "ಇನ್ಯಾರೂ ಇಲ್ಲ ನೀರಲ್ಲಿ."

ಕೈ ನಿಲ್ಲಲಿಲ್ಲ. ಆ ಹೊತ್ತಿಗೆ ಗಂಡ ಹಗ್ಗವನ್ನು ಹೆಗಲ ಮೇಲೆ ಹೊತ್ತು ಹಿತ್ತಿಲಿಗೆ ಬಂದ. ಅದನ್ನು ಅಲ್ಲೇ ಇಳಿಸಿ, ಹಿಂದಿನಿಂದ ಬಂದು ಅವಳ ಕೈಯನ್ನು ಕಟ್ಟಿಗೆಯ ಸಮೇತ ತನ್ನ ದೊಡ್ಡ ಅಂಗೈಯಲ್ಲಿ ಮುಚ್ಚಿದ. ತಗಡು ತನ್ನಷ್ಟಕ್ಕೇ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಸುಮ್ಮನಾಯಿತು.

ಅವನು ಅವಳ ಕೈ ಹಿಡಿದೇ ನಿಂತಿದ್ದ. ಹಿಡಿದದ್ದು ಬೆಚ್ಚಗಿದೆಯೋ ತಣ್ಣಗಿದೆಯೋ ಅವನ ಬೆರಳಿಗೆ ತಿಳಿಯುವಂತಿರಲಿಲ್ಲ.

"ನಡುಗ್ತಿದೆಯಾ?" ಎಂದು ಮೆಲ್ಲಗೆ ಕೇಳಿದ.

"ಹೂಂ" ಎಂದಳು. "ಬಿಡಬೇಡಿ."